ಮಾಡೆಲ್‌ನಲ್ಲಿ ಸುರಂಗ ಕೊರೆದ್ರೆ ನೆಲ ಕುಸಿಯೋ ಬದ್ಲು ಮೇಲೇಳ್ತಿದೆ, ಯಾಕೆ?

ಮೆಶ್‌ಮರಿ:
ಎಲ್ರಿಗೂ ನಮಸ್ಕಾರ. ಪ್ಲಾಕ್ಸಿಸ್‌ನಲ್ಲಿ (ಮಣ್ಣಿನ ಚಲನೆ ಲೆಕ್ಕ ಹಾಕೋ ಸಾಫ್ಟ್‌ವೇರ್) ಒಂದು ಸುರಂಗದ 2ಡಿ ಮಾಡೆಲ್ ಮಾಡ್ತಿದೀನಿ. ವ್ಯಾಸ 6 ಮೀಟರ್, ಅಕ್ಷ ನೆಲದಿಂದ 18 ಮೀಟರ್ ಕೆಳಗೆ, ಸುತ್ತ ಪೂರ್ತಿ ಗಟ್ಟಿ ಜೇಡಿಮಣ್ಣು, ಟಿಬಿಎಂ (ಸುರಂಗ ಕೊರೆಯೋ ಮಷೀನ್) ಡ್ರೈವ್. ಮಣ್ಣಿಗೆ ಮೋರ್-ಕೂಲಂಬ್ ಅನ್ನೋ ಸರಳ ಮಾಡೆಲ್, ಇ (ಬಿಗಿ) ಮೌಲ್ಯ 30 ಮೆಗಾಪಾಸ್ಕಲ್, ಎಲ್ಲಾ ಆಳಕ್ಕೂ ಒಂದೇ. ತಳದ ಬೌಂಡರಿ 60 ಮೀಟರ್‌ನಲ್ಲಿ. ಮಣ್ಣು ತೆಗೆದು ಅದೇ ಸ್ಟೇಜಲ್ಲಿ ಲೈನಿಂಗ್ (ಸುರಂಗದ ಒಳಗೋಡೆಯ ಉಂಗುರ) ಆಕ್ಟಿವೇಟ್ ಮಾಡ್ದೆ. ರನ್ ಆದ್ಮೇಲೆ ನೋಡಿದ್ರೆ ಸೆಟ್ಲ್‌ಮೆಂಟ್ ಇಲ್ವೇ ಇಲ್ಲ, ನೆಲ 9 ಮಿಲಿಮೀಟರ್ ಮೇಲಕ್ಕೆ ಎದ್ದು ಕೂತಿದೆ! ಸೀನಿಯರ್ "ಮೆಶ್ ಇನ್ನೂ ಸಣ್ಣ ಮಾಡು" ಅಂದ್ರು (ಮೆಶ್ ಅಂದ್ರೆ ಲೆಕ್ಕಕ್ಕೆ ನೆಲನ ತುಂಡು ಮಾಡೋ ಜಾಲ), ಮಾಡ್ದೆ, 9 ಇದ್ದಿದ್ದು 9.1 ಆಯ್ತು ಅಷ್ಟೆ. ಸೋಮವಾರ ರಿಪೋರ್ಟ್ ಕೊಡ್ಬೇಕು. ಎಲ್ಲಿ ನೋಡ್ಲಿ?

ಜೇಡಿಜೀವಿ:
ಮೆಶ್‌ದೇನೂ ತಪ್ಪಿಲ್ಲ, ಅದನ್ನ ಬಿಟ್ಬಿಡು. ಒಂದು ಸಣ್ಣ ಪರೀಕ್ಷೆ ಮಾಡು: ತಳದ ಬೌಂಡರಿನ 60ರಿಂದ 40ಕ್ಕೆ ತಂದು ಮತ್ತೆ ರನ್ ಮಾಡು. ಉತ್ತರ ಬದಲಾದ್ರೆ ಕಾರಣ ಅಲ್ಲೇ ಸಿಕ್ತು.

ಗೋಡೆ_ಬಿರುಕು:
ಸೀನಿಯರ್‌ಗಳಿಗೆ ಯಾವ ಸಮಸ್ಯೆ ಹೇಳಿದ್ರೂ ಮೆಶ್ ಸಣ್ಣ ಮಾಡು ಅನ್ನೋದು ಒಂದೇ ಮಂತ್ರ 😂

ಮೆಶ್‌ಮರಿ:
@ಜೇಡಿಜೀವಿ ಮಾಡ್ದೆ. 9 ಇದ್ದಿದ್ದು 6ಕ್ಕೆ ಇಳೀತು. ನೆಲ ಏನು ನಾನು ಎಲ್ಲಿ ಗೆರೆ ಎಳೆದೆ ಅಂತ ನೋಡ್ಕೊಂಡು ಏಳುತ್ತಾ?

ಜೇಡಿಜೀವಿ:
ನಿಜವಾದ ನೆಲ ನೋಡಲ್ಲ, ನಿನ್ನ ಮಾಡೆಲ್ ನೋಡುತ್ತೆ. ಲೆಕ್ಕ ಹಾಕು. ಸುರಂಗದ ಅಡ್ಡ ಕ್ಷೇತ್ರ ಸುಮಾರು 28 ಚದರ ಮೀಟರ್, ಮಣ್ಣು ಘನ ಮೀಟರ್‌ಗೆ 20 ಕಿಲೋನ್ಯೂಟನ್ ಅಂದ್ರೆ ಉದ್ದದ ಪ್ರತಿ ಮೀಟರ್‌ಗೆ 560ಕ್ಕಿಂತ ಜಾಸ್ತಿ ಕಿಲೋನ್ಯೂಟನ್ ಭಾರ ತೆಗೆದೆ. ವಾಪಸ್ ಹಾಕಿದ್ದು ಲೈನಿಂಗ್ ಭಾರ ಮಾತ್ರ, ಅದು ಇದರ ಕಾಲು ಭಾಗಾನೂ ಆಗಲ್ಲ. ಮಿಕ್ಕಿದ್ದೆಲ್ಲ ಮೇಲ್ಮುಖ ಬಲ. ಮೋರ್-ಕೂಲಂಬ್‌ನಲ್ಲಿ ಮಣ್ಣು ಫೇಲ್ ಆಗೋ ತನಕ ಬರೀ ಸ್ಪ್ರಿಂಗು, ಒತ್ತಿದ್ರೂ ಅದೇ ಬಿಗಿ, ಬಿಟ್ರೂ ಅದೇ ಬಿಗಿ. ಸುರಂಗದ ಕೆಳಗಿರೋ 39 ಮೀಟರ್ ಮಣ್ಣಿನ ಭಾರ ಇಳೀತು, ಅಷ್ಟೂ ಸ್ಪ್ರಿಂಗ್ ಬಿಚ್ಕೊಂಡು ಇಡೀ ಲೈನಿಂಗ್ ಉಂಗುರಾನೇ ಮೇಲಕ್ಕೆ ತಳ್ಳಿತು. ಆ 39 ಮೀಟರ್‌ನ 19 ಮಾಡಿದ್ರೆ ಏಳೋದೂ ಕಮ್ಮಿ ಆಗ್ಲೇಬೇಕು.

ನಿಜವಾದ ಮಣ್ಣು ಭಾರ ಇಳಿಸಿದಾಗ ತುಂಬಾ ಬಿಗಿಯಾಗಿರುತ್ತೆ. ಹಾರ್ಡನಿಂಗ್ ಸಾಯ್ಲ್ ಮಾಡೆಲ್‌ನಲ್ಲಿ ಅನ್‌ಲೋಡಿಂಗ್ ಬಿಗಿಗೆ ಬೇರೆ ಮೌಲ್ಯ ಇದೆ, ಸಾಫ್ಟ್‌ವೇರ್ ತಾನಾಗೇ ಕೊಡೋದು ಲೋಡಿಂಗ್‌ದರ 3 ಪಟ್ಟು. ಜೊತೆಗೆ ಆಳಕ್ಕೆ ಹೋದಂಗೆ ಬಿಗಿ ಏರುತ್ತೆ. ನೀನು ಮೇಲಿಂದ ತಳದವರೆಗೂ 30 ಕೊಟ್ಟಿದೀಯ.

ಇನ್ನೊಂದು, ಅದೇ ಸ್ಟೇಜಲ್ಲಿ ಲೈನಿಂಗ್ ಹಾಕಿದೀಯಲ್ಲ, ಮಣ್ಣು ಒಳಗೆ ಸರಿಯೋಕೆ ಜಾಗಾನೇ ಕೊಟ್ಟಿಲ್ಲ. ವಾಲ್ಯೂಮ್ ಲಾಸ್ (ಹಂಗೆ ಒಳಗೆ ಸರಿಯೋ ಮಣ್ಣು, ಸುರಂಗದ ಕ್ಷೇತ್ರದ ಶೇಕಡಾ ಲೆಕ್ಕದಲ್ಲಿ) ಸೊನ್ನೆ. ಸೆಟ್ಲ್‌ಮೆಂಟ್ ಎಲ್ಲಿಂದ ಬರ್ಬೇಕು?

ಸೈಟ್_ಹುಲಿ:
ಏನ್ರೀ ಇದು, ಕಂಪ್ಯೂಟರ್ ಮುಂದ ಕುಂತು ನೆಲ ಎತ್ತಾಕ ಹತ್ತೀರಿ. ನೆಲ ಖರೇನ ಮ್ಯಾಲೆ ಏಳತೈತಿ ಬಿಡ್ರಿ, ಕಾರಣ ಬ್ಯಾರೆ. ಮುಖದ (ಮಷೀನ್ ಕೊರಿಯೋ ಮುಂಭಾಗದ) ಪ್ರೆಶರ್ ಜಾಸ್ತಿ ಇಟ್ರ ಮಷೀನ್ ಬರೋಕಿಂತ ಮೊದಲ ನೆಲ ಏಳತೈತಿ, ಟೇಲ್‌ನಾಗ (ಮಷೀನ್ ಬಾಲದಾಗ) ಗ್ರೌಟ್ (ಸಂದಿ ತುಂಬೋ ಗಾರೆ) ಜೋರಾಗಿ ಹೊಡದ್ರ ಮಷೀನ್ ಹೋದಮ್ಯಾಲೆ ಏಳತೈತಿ. ವಾಲ್ಯೂಮ್ ಲಾಸ್ ಅನ್ನೋದು ಮಣ್ಣಿನ ಗುಣ ಅಂತ ತಿಳ್ಕೊಂಡ್ರೇನು? ಅರ್ಧ ಮಣ್ಣಿಂದು, ಅರ್ಧ ಮಷೀನ್ ನಡಸಾವನ ಕೈಯಾಗ ಐತಿ. 6 ಮೀಟರ್ ಮಷೀನ್‌ಗೆ ಶೀಲ್ಡ್ (ಮಷೀನಿನ ಉಕ್ಕಿನ ಕವಚ) ಮತ್ತ ಉಂಗುರದ ನಡುವ 10 ಸೆಂಟಿಮೀಟರ್ ಸಂದಿ ಐತಿ ಅಂತ ಇಟ್ಕೋರಿ, ಅದು ಮುಖದ ಕ್ಷೇತ್ರದ 6-7% ಆಗತೈತಿ. ಗ್ರೌಟ್ ಸರಿಯಾಗಿ ಹೋದ್ರ ಲಾಸ್ 1%ಕ್ಕ ನಿಲ್ಲತೈತಿ. ಒಂದು ಲೈನ್ ಬ್ಲಾಕ್ ಆತು ಅಂದ್ರ ನಿಮ್ಮ ಹಾರ್ಡನಿಂಗ್ ಸಾಯ್ಲ್ ಏನ ಮಾಡತೈತಿ ಹೇಳ್ರಿ ನೋಡೋಣ.

ಜೇಡಿಜೀವಿ:
ಹುಲಿ ಸರ್ ಹೇಳಿದ್ದು ನೂರಕ್ಕೆ ನೂರು. 2ಡಿಯಲ್ಲಿ ವಾಲ್ಯೂಮ್ ಲಾಸ್ ಇನ್‌ಪುಟ್ಟು, ಔಟ್‌ಪುಟ್ ಅಲ್ಲ. ಇದನ್ನ ರಿಪೋರ್ಟ್‌ನಲ್ಲಿ ಬರೆಯೋಕೆ ಎಲ್ರಿಗೂ ಸಂಕೋಚ.

ಕೈಲೆಕ್ಕ:
ಸಾಫ್ಟ್‌ವೇರ್ ಮುಚ್ಚಿ ಒಂದು ಪೇಪರ್ ತಗೊಳಿ. ಪೆಕ್ 1969ರಲ್ಲಿ ಮೆಕ್ಸಿಕೋ ಸಮ್ಮೇಳನದಲ್ಲಿ ತೋರ್ಸಿದ್ದು, ಸೆಟ್ಲ್‌ಮೆಂಟ್ ಗುಂಡಿಯ ಆಕಾರ ತಿರುಗಿಸಿಟ್ಟ ಗೌಸ್ ಕರ್ವ್ ಥರ ಇರುತ್ತೆ ಅಂತ. ಕರ್ವ್ ತಿರುವೋ ಬಿಂದುವಿನ ದೂರ ಐ. ಓ'ರೈಲಿ ಮತ್ತೆ ನ್ಯೂ 1982ರಲ್ಲಿ ಐ ಅಂದ್ರೆ ಆಳದ ಒಂದು ಪಾಲು ಅಂತ ಸರಳ ಮಾಡಿದ್ರು, ಜೇಡಿಗೆ ಸುಮಾರು 0.5, ಮರಳಿಗೆ 0.25 ಆಸುಪಾಸು. ನಿಮಗೆ 18ರ ಅರ್ಧ 9 ಮೀಟರ್. 1% ಲಾಸ್ ಅಂದ್ರೆ ಮೀಟರ್‌ಗೆ 0.283 ಘನ ಮೀಟರ್. ಅದನ್ನ 2.5 ಗುಣಿಸು 9ರಿಂದ ಭಾಗಿಸಿ, 12.5 ಮಿಲಿಮೀಟರ್. ಮುಗೀತು. ನಡುವಿಂದ 25 ಮೀಟರ್ ಆಚೆ ಹೆಚ್ಚುಕಮ್ಮಿ ಏನೂ ಇರಲ್ಲ.

ನಿಮ್ಮ ಎಫ್‌ಇಎಂ (ನೆಲನ ತುಂಡು ಮಾಡಿ ಹಾಕೋ ಕಂಪ್ಯೂಟರ್ ಲೆಕ್ಕ) ಇದರ ಹತ್ರ ಬರ್ಲಿಲ್ಲ ಅಂದ್ರೆ ಮೊದ್ಲು ಎಫ್‌ಇಎಂನ ಅನುಮಾನಿಸಿ.

3ಡಿ_ಪ್ರೇಮಿ:
1969ರ ಫಾರ್ಮುಲಾ ಇಟ್ಕೊಂಡು ಇನ್ನೂ ಎಷ್ಟು ವರ್ಷ ಓಡಿಸ್ತೀರಾ ಗುರು. ನೇರ 3ಡಿ ಮಾಡಿ, ಶೀಲ್ಡು, ಫೇಸ್ ಪ್ರೆಶರ್, ಗ್ರೌಟ್ ಪ್ರೆಶರ್, ರಿಂಗ್ ಎಲ್ಲಾ ಹಾಕಿ ಸ್ಟೆಪ್ ಬೈ ಸ್ಟೆಪ್ ಮುಂದೆ ತಳ್ಳಿ, ವಾಲ್ಯೂಮ್ ಲಾಸ್ ತಾನಾಗೇ ಬರುತ್ತೆ.

ಕೈಲೆಕ್ಕ:
ತಾನಾಗೇ ಬರುತ್ತೆ, ನೀವು ಕೊಟ್ಟ ಗ್ರೌಟ್ ಪ್ರೆಶರ್‌ಗೆ ತಕ್ಕಂಗೆ ಬರುತ್ತೆ. ಆ ಪ್ರೆಶರ್ ಎಲ್ಲಿಂದ ತಂದ್ರಿ? ಊಹೆ ಮಾಡಿದ್ರಿ. ಮೊದ್ಲು ಒಂದು ನಂಬರ್ ಊಹೆ ಮಾಡ್ತಿದ್ವಿ, ಈಗ ಐದು.

3ಡಿ_ಪ್ರೇಮಿ:
ಆದ್ರೂ ಐದಕ್ಕೂ ಭೌತಿಕ ಅರ್ಥ ಇದೆ, ಸೈಟ್‌ನಲ್ಲಿ ಅಳೆಯೋಕೆ ಆಗುತ್ತೆ. ನಿಮ್ಮ 1% ಎಲ್ಲಿಂದ ಬಂತು? ಹಿಂದಿನ ಪ್ರಾಜೆಕ್ಟ್ ರಿಪೋರ್ಟಿಂದ ಕಾಪಿ.

ಗೋಡೆ_ಬಿರುಕು:
ಪಾಪ್‌ಕಾರ್ನ್ ತಂದೆ, ಮುಂದುವರ್ಸಿ

ಚಿಕ್ಕ_ಸ್ಟ್ರೇನ್:
ಇಬ್ರೂ ಒಂದು ವಿಷಯ ಬಿಡ್ತಿದೀರಾ. ಗಟ್ಟಿ ಜೇಡಿಯಲ್ಲಿ 3ಡಿ ಮಾಡಿದ ಮಾತ್ರಕ್ಕೆ ಗುಂಡಿಯ ಅಗಲ ಸರಿಹೋಗಲ್ಲ. ಲಂಡನ್‌ನ ಜುಬಿಲಿ ಲೈನ್ ಕೆಲಸದಲ್ಲಿ ಸೇಂಟ್ ಜೇಮ್ಸ್ ಪಾರ್ಕ್ ಕೆಳಗೆ ಎರಡು ಸುರಂಗ ಹೋದ್ವು, ಮೇಲೆ ಕಟ್ಟಡ ಇಲ್ಲದ ಖಾಲಿ ಹುಲ್ಲು, ಅಳತೆ ಮಾಡೋಕೆ ಹೇಳಿ ಮಾಡಿಸಿದ ಜಾಗ. ಒಂದರ ವಾಲ್ಯೂಮ್ ಲಾಸ್ 3.3%, ಇನ್ನೊಂದರದ್ದು 2.9%. ಅದು ಎಲ್ರ ನಿರೀಕ್ಷೆಗಿಂತ ಜಾಸ್ತಿ, ಆದ್ರೂ ಗುಂಡಿಯ ಆಕಾರ ಮಾತ್ರ ಗೌಸ್ ಕರ್ವ್‌ಗೆ ಚೆನ್ನಾಗೇ ಹೊಂದಿತು. ಇಂಪೀರಿಯಲ್ ಕಾಲೇಜಿನ ಗುಂಪು ಅದನ್ನ ಹಿಡ್ಕೊಂಡು ನಾನ್‌ಲೀನಿಯರ್ ಬಿಗಿ ಹಾಕಿ, ಅನೈಸೋಟ್ರಪಿ (ದಿಕ್ಕಿಗೊಂದು ಬಿಗಿ) ಹಾಕಿ, 3ಡಿ ಮಾಡಿ, ಎಲ್ಲಾ ನೋಡಿದ್ರು. ಕೆ-ನಾಟ್ (ಮಣ್ಣಿನ ಅಡ್ಡ ಒತ್ತಡಕ್ಕೂ ಲಂಬ ಒತ್ತಡಕ್ಕೂ ಇರೋ ಅನುಪಾತ) 1.5 ಥರ ಜಾಸ್ತಿ ಇದ್ದಾಗ ಲೆಕ್ಕದ ಗುಂಡಿ ಅಳತೆಗಿಂತ ಅಗಲವಾಗೇ ಬಂತು, 3ಡಿ ಇದ್ರೂ ಬಂತು.

ಕಾರಣ ನೋಡಿ. ಲೀನಿಯರ್ ಎಲಾಸ್ಟಿಕ್‌ನಲ್ಲಿ ಸುರಂಗದ ಪಕ್ಕದ ಮಣ್ಣಿಗೂ 40 ಮೀಟರ್ ದೂರದ ಮಣ್ಣಿಗೂ ಒಂದೇ ಬಿಗಿ, ಅದಕ್ಕೆ ಚಲನೆ ದೂರದವರೆಗೂ ಹಬ್ಬುತ್ತೆ. ನಿಜದಲ್ಲಿ ದೂರದ ಮಣ್ಣಿನ ಸ್ಟ್ರೇನ್ (ಆಕಾರ ಎಷ್ಟು ಬದಲಾಯ್ತು ಅನ್ನೋ ಪ್ರಮಾಣ) ಒಂದು ಲಕ್ಷದಲ್ಲೊಂದು ಮಟ್ಟದ್ದು, ಆ ಮಟ್ಟದಲ್ಲಿ ಮಣ್ಣು ಲ್ಯಾಬ್‌ನ ಸಾಮಾನ್ಯ ಟ್ರಯಾಕ್ಸಿಯಲ್ ಟೆಸ್ಟ್ ಹೇಳೋದಕ್ಕಿಂತ ಎಷ್ಟೋ ಪಟ್ಟು ಬಿಗಿ. ಹತ್ರದ ಮಣ್ಣಿಗೆ ಸ್ಟ್ರೇನ್ ಜಾಸ್ತಿ, ಬಿಗಿ ಕಳ್ಕೊಂಡಿರುತ್ತೆ. ಹಂಗಾಗಿ ಗುಂಡಿ ಸುರಂಗದ ಮೇಲೇ ಒಟ್ಟಾಗುತ್ತೆ. ಇದನ್ನ ಹಿಡಿಯೋಕೆ ಹಾರ್ಡನಿಂಗ್ ಸಾಯ್ಲ್ ಸ್ಮಾಲ್ ಅನ್ನೋ ಮಾಡೆಲ್ ಬೇಕು. ಜಿ-ನಾಟ್‌ಗೆ (ತೀರಾ ಸಣ್ಣ ಸ್ಟ್ರೇನ್‌ನಲ್ಲಿ ಇರೋ ಶಿಯರ್ ಬಿಗಿ) ಶಿಯರ್ ವೇವ್ ವೇಗ ಅಳೆಸಿ, ಬೋರ್‌ಹೋಲ್‌ನಲ್ಲಿ ಡೌನ್‌ಹೋಲ್ ಟೆಸ್ಟ್ ಆದ್ರೂ ಸಾಕು. ವೇಗದ ವರ್ಗ ಗುಣಿಸು ಸಾಂದ್ರತೆ, ಅಷ್ಟೆ.

ಮೆಶ್‌ಮರಿ:
ಟೆಸ್ಟ್ ರಿಪೋರ್ಟ್‌ನಲ್ಲಿ ಬರೀ ಎಸ್‌ಪಿಟಿ (ಬೋರ್‌ಹೋಲ್‌ನಲ್ಲಿ ಸುತ್ತಿಗೆ ಏಟು ಎಣಿಸೋ ಟೆಸ್ಟ್) ಎನ್ ಮೌಲ್ಯ ಇದೆ ಸರ್ 😐 ಕೆ-ನಾಟ್ ಬಗ್ಗೆ ಒಂದಕ್ಷರಾನೂ ಇಲ್ಲ. ನಾನು 1 ಮೈನಸ್ ಸೈನ್ ಫೈ (ಫೈ ಅಂದ್ರೆ ಮಣ್ಣಿನ ಘರ್ಷಣ ಕೋನ) ಹಾಕಿದೀನಿ.

ಚಿಕ್ಕ_ಸ್ಟ್ರೇನ್:
ಗಟ್ಟಿ ಜೇಡಿ ಅಂತೀರಾ, ಅಂದ್ರೆ ಓವರ್‌ಕನ್ಸಾಲಿಡೇಟೆಡ್ (ಹಿಂದೆ ಈಗಿಗಿಂತ ಜಾಸ್ತಿ ಭಾರ ಹೊತ್ತಿದ್ದು) ಇರೋ ಸಾಧ್ಯತೆ ಜಾಸ್ತಿ. ನೀವು ಹಾಕಿರೋ ಜಾಕಿ ಸೂತ್ರ ನಾರ್ಮಲಿ ಕನ್ಸಾಲಿಡೇಟೆಡ್‌ಗೆ. ಲೈನಿಂಗ್ ಮೇಲಿನ ಮೊಮೆಂಟ್ (ಬಾಗಿಸೋ ಪರಿಣಾಮ) ಇದರ ಮೇಲೇ ನಿಂತಿದೆ, ಕೆ-ನಾಟ್ 0.6 ಇದ್ರೆ ಉಂಗುರ ಅಡ್ಡಕ್ಕೆ ಚಪ್ಪಟೆ ಆಗುತ್ತೆ, 1.5 ಇದ್ರೆ ಉದ್ದಕ್ಕೆ. ಕಡೇಪಕ್ಷ ಎರಡು ಕೊನೆಗೂ ರನ್ ಮಾಡಿ.

ಬಂಡೆಪ್ಪ:
ನೀವು ಜೇಡಿಯವರು ಪುಣ್ಯವಂತ್ರು, ನಿಮ್ಮ ನೆಲ ಒಂದೇ ಸಮ ಇರುತ್ತೆ. ನಮ್ಮ ಕಡೆ ಬಂಡೆ ಸುರಂಗಕ್ಕೂ ಇದೇ ಸಾಫ್ಟ್‌ವೇರ್ ತಂದು ಹೋಕ್-ಬ್ರೌನ್ (ಬಂಡೆಯ ಮಾಡೆಲ್) ಹಾಕಿ, ಜಿಎಸ್‌ಐ (ಬಂಡೆ ಗುಣಮಟ್ಟದ ಅಂಕ) 55 ಅಂತ ಒಂದು ನಂಬರ್ ಬರೆದು, ಕೆಂಪು ಹಸಿರು ಕಾಂಟೂರ್ ಪ್ರಿಂಟ್ ತೆಗೆದು "ಡಿಸ್‌ಪ್ಲೇಸ್‌ಮೆಂಟ್ 2 ಮಿಲಿಮೀಟರ್, ಸೇಫ್" ಅಂತ ಸಹಿ ಹಾಕ್ತಾರೆ. ಮೂರು ಜಾಯಿಂಟ್ ಸೆಟ್ (ಬಿರುಕುಗಳ ಸಾಲು) ಸೇರಿ ಮಾಡಿದ ವೆಡ್ಜ್ ಒಂದು ಚಾವಣಿಯಿಂದ ಬೀಳೋವಾಗ ನಿಮ್ಮ ಕಾಂಟೂರ್ ಕೇಳಿ ಬೀಳಲ್ಲ. ಜಾಯಿಂಟ್‌ಗಳ ಅಂತರ ಸುರಂಗದ ಗಾತ್ರಕ್ಕೆ ಹೋಲಿಸಿದ್ರೆ ದೊಡ್ಡದಿದ್ದಾಗ ಜಿಎಸ್‌ಐ ಬಳಸ್ಬೇಡಿ ಅಂತ ಹೋಕ್ ಅವರೇ ಬರೆದಿದ್ದಾರೆ. ಅಲ್ಲಿ ಬೇಕಾಗಿರೋದು ಬ್ಲಾಕ್ ಲೆಕ್ಕ, ಯುಡೆಕ್ ಅಥವಾ 3ಡೆಕ್ ಥರದ ಸಾಫ್ಟ್‌ವೇರ್‌ದು. ಅದೂ ಬೇಡ ಅಂದ್ರೆ ಗುಡ್‌ಮನ್ ಮತ್ತೆ ಶಿ ಅವರ ಕೀ ಬ್ಲಾಕ್ ವಿಧಾನ, ಕೈಯಲ್ಲೇ ಆಗುತ್ತೆ.

3ಡಿ_ಪ್ರೇಮಿ:
ಬಂಡೆ ವಿಷಯಕ್ಕೆ ಬೇರೆ ಥ್ರೆಡ್ ತೆಗೀರಿ ಸ್ವಾಮಿ

ಬಂಡೆಪ್ಪ:
ಯಾಕೆ ತೆಗೀಲಿ? ನೆಲ ಕಂಟಿನ್ಯುವಂ (ಬಿರುಕಿಲ್ಲದ ಒಂದೇ ತುಂಡು) ಅಂತ ನಂಬ್ಕೊಂಡು ಕೂತಿರೋರು ಎಲ್ಲಾ ಥ್ರೆಡ್‌ನಲ್ಲೂ ಇದಾರೆ.

ಲಾಗಿನ್_ಮರೆತವನು:
ಒಂದು ಡೌಟು. ನಮ್ಮಲ್ಲಿ ಎನ್‌ಎಟಿಎಂ (ಟಿಬಿಎಂ ಇಲ್ಲದೆ ಅಗೆದು ಕಾಂಕ್ರೀಟ್ ಸಿಂಪಡಿಸೋ ವಿಧಾನ). ಲೈನಿಂಗ್ ತಡವಾಗಿ ಬರುತ್ತೆ ಅಂತ 2ಡಿಯಲ್ಲಿ ಬೀಟಾ ಅಥವಾ ಲ್ಯಾಂಬ್ಡಾ ಅಂತ ಒಂದು ಕೊಡ್ತಾರಲ್ಲ, ಎಲ್ರೂ 0.5 ಹಾಕ್ತಾರೆ. ಯಾಕೆ 0.5?

ಜೇಡಿಜೀವಿ:
ಯಾಕಂದ್ರೆ ಎಲ್ರೂ ಹಾಕ್ತಾರೆ 🙂

ಸೀರಿಯಸ್ಸಾಗಿ ಹೇಳ್ಬೇಕು ಅಂದ್ರೆ, 2ಡಿ ಅಡ್ಡಕೊಯ್ತದಲ್ಲಿ ಮುಖ ಅನ್ನೋದೇ ಇಲ್ಲ. ಮುಖ ಮುಂದಿರೋ ಮಣ್ಣು ಕೊಡೋ ಆಸರೇನ ನಕಲು ಮಾಡೋಕೆ ಮೊದಲಿನ ಒತ್ತಡದ ಒಂದು ಭಾಗ ಮಾತ್ರ ಬಿಡ್ತೀವಿ, ಆಮೇಲೆ ಲೈನಿಂಗ್ ಹಾಕಿ ಉಳಿದಿದ್ದು ಬಿಡ್ತೀವಿ. ಪಾನೆ ಮತ್ತೆ ಗೆನೋ 1982ರಲ್ಲಿ ಇದಕ್ಕೆ ಉದ್ದಕ್ಕಿನ ಪ್ರೊಫೈಲ್ ಕೊಟ್ರು. ಲೈನಿಂಗ್ ಇಲ್ಲದ ಎಲಾಸ್ಟಿಕ್ ನೆಲದಲ್ಲಿ ಮುಖ ತಲುಪೋ ಹೊತ್ತಿಗೇ ಒಟ್ಟು ಒಳಸರಿತದ ಹತ್ರಹತ್ರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಗೋಗಿರುತ್ತೆ. ಲೈನಿಂಗ್ ಮುಖದಿಂದ ಎಷ್ಟು ದೂರದಲ್ಲಿ ಬರುತ್ತೆ, ಶಾಟ್‌ಕ್ರೀಟ್ (ಸಿಂಪಡಿಸಿದ ಕಾಂಕ್ರೀಟ್) ಎಷ್ಟು ಬೇಗ ಗಟ್ಟಿ ಆಗುತ್ತೆ, ಮುಖ ಒಂದೇ ಸಲ ತೆಗೀತೀರೋ ಮೇಲಿನ ಅರ್ಧ ಮೊದ್ಲೋ, ಇದರ ಮೇಲೆ ಲ್ಯಾಂಬ್ಡಾ ಬದಲಾಗ್ಬೇಕು. ನಮ್ಮಲ್ಲಿ ಒಂದು ಸಣ್ಣ 3ಡಿ ರನ್ ಮಾಡಿ, ಆ ಸೆಟ್ಲ್‌ಮೆಂಟ್ ಬರೋ ಹಂಗೆ 2ಡಿಯ ಲ್ಯಾಂಬ್ಡಾ ಹುಡುಕಿ, ಆಮೇಲೆ ಮಿಕ್ಕ ಸೆಕ್ಷನ್‌ಗಳೆಲ್ಲಾ 2ಡಿಯಲ್ಲಿ ಓಡಿಸ್ತೀವಿ. 3ಡಿ ಪ್ರೇಮಿಗೂ ಖುಷಿ, ಕಂಪ್ಯೂಟರ್‌ಗೂ ಖುಷಿ.

ಹಾಂ, ಶಾಟ್‌ಕ್ರೀಟ್‌ಗೆ ಮೊದಲ ದಿನದಿಂದ್ಲೇ 25-30 ಗಿಗಾಪಾಸ್ಕಲ್ ಕೊಡ್ಬೇಡಿ. ಅಷ್ಟು ಬಿಗಿ ಅದು ವಾರಗಳ ಮೇಲೆ.

ಸೈಟ್_ಹುಲಿ:
ಮತ್ತ ದಪ್ಪ? ಮಾಡೆಲ್‌ನಾಗ 250 ಮಿಲಿಮೀಟರ್ ಅಂದ್ರ ಎಲ್ಲಾ ಕಡೆ 250. 1994ರಾಗ ಲಂಡನ್‌ನ ಹೀಥ್ರೂ ಸುರಂಗ ಕುಸೀತಲ್ಲ, ತನಿಖಾ ವರದಿ ಓದ್ರಿ. ಲೈನಿಂಗ್ ಕೆಲಸಾನ ಮಟ್ಟ ಇರಲಿಲ್ಲ, ದುರಸ್ತಿನೂ ಸರಿ ಆಗಲಿಲ್ಲ, ಮಗ್ಗಲದಾಗ ಇನ್ನೊಂದು ಸುರಂಗ ಕೊರಿಯೂದು ನಡದ ಇತ್ತು. ಇನ್ವರ್ಟ್ (ಸುರಂಗದ ತಳ) ಮುಚ್ಚಿ ಉಂಗುರ ಪೂರ್ತಿ ಆಗೂದ ಎನ್‌ಎಟಿಎಂನ ಜೀವ, ಅದನ್ನ ನೀವು ಒಂದು ಕ್ಲಿಕ್‌ನಾಗ ಆಕ್ಟಿವೇಟ್ ಮಾಡ್ತೀರಿ.

ಗೋಡೆ_ಬಿರುಕು:
ಸಿಂಗಾಪುರದ ನಿಕೋಲ್ ಹೈವೇ ಟನಲ್ ಕೊರೆಯೋವಾಗ ಕುಸಿದಿದ್ದು ಪ್ಲಾಕ್ಸಿಸ್ ಬಗ್‌ನಿಂದ ಅಂತ ಎಲ್ಲೋ ಕೇಳಿದ್ದೆ, ನಿಜಾನಾ?

ನೀರೊತ್ತಡ:
ಎರಡೂ ತಪ್ಪು. ಕೊರೆಯೋ ಸುರಂಗ ಅಲ್ಲ, ಮೆಟ್ರೋ ಸರ್ಕಲ್ ಲೈನ್‌ಗೆ ಮೇಲಿಂದ ಅಗೆದು ಮುಚ್ಚೋ ಕಟ್ ಆಂಡ್ ಕವರ್ ಕೆಲಸ. 2004ರ ಏಪ್ರಿಲ್ 20ರಂದು ಕುಸೀತು, ನಾಲ್ಕು ಜನ ತೀರ್ಕೊಂಡ್ರು. ಮತ್ತೆ ಸಾಫ್ಟ್‌ವೇರ್‌ನಲ್ಲಿ ಬಗ್ ಏನಿರ್ಲಿಲ್ಲ, ಬಳಸಿದ ರೀತಿ ತಪ್ಪು.

ಅಲ್ಲಿದ್ದಿದ್ದು ಮೆತ್ತನೆ ಮರೈನ್ ಕ್ಲೇ. ಮೋರ್-ಕೂಲಂಬ್‌ಗೆ ಎಫೆಕ್ಟಿವ್ (ನೀರೊತ್ತಡ ಕಳೆದ ಲೆಕ್ಕದ) ಸಿ, ಫೈ (ಅಂಟು, ಘರ್ಷಣ ಕೋನ) ಕೊಟ್ಟು ಅನ್‌ಡ್ರೈನ್ಡ್ (ನೀರು ಹೊರಗೆ ಹೋಗಲ್ಲ) ಅಂತ ಆರಿಸಿದ್ರು, ಅದನ್ನೇ ಮೆಥಡ್ ಎ ಅನ್ನೋದು. ತೊಂದರೆ ಏನಂದ್ರೆ ಈ ಮಾಡೆಲ್‌ನಲ್ಲಿ ಶಿಯರ್ ಮಾಡಿದಾಗ ಎಲಾಸ್ಟಿಕ್ ಹಂತದಲ್ಲಿ ಸರಾಸರಿ ಎಫೆಕ್ಟಿವ್ ಸ್ಟ್ರೆಸ್ ಬದಲಾಗಲ್ಲ, ನೆಟ್ಟಗೆ ಮೇಲೆ ಹೋಗಿ ಫೇಲ್ಯೂರ್ ಗೆರೆ ಮುಟ್ಟುತ್ತೆ. ನಿಜವಾದ ಮೆತ್ತನೆ ಜೇಡಿ ಶಿಯರ್ ಆದಾಗ ಕುಗ್ಗೋಕೆ ನೋಡುತ್ತೆ, ನೀರು ಹೊರಗೆ ಹೋಗೋಕೆ ಆಗಲ್ಲ, ನೀರೊತ್ತಡ ಏರುತ್ತೆ, ಎಫೆಕ್ಟಿವ್ ಸ್ಟ್ರೆಸ್ ಬೀಳುತ್ತೆ, ಎಷ್ಟೋ ಮೊದ್ಲೇ ಸೋಲುತ್ತೆ. ಅಂದ್ರೆ ಮಾಡೆಲ್ ಮಣ್ಣಿನ ಶಕ್ತಿನ ಜಾಸ್ತಿ ತೋರಿಸ್ತು, ಗೋಡೆಯ ಬಾಗುವಿಕೆ, ಮೊಮೆಂಟು ಕಮ್ಮಿ ತೋರಿಸ್ತು. ಇದರ ಜೊತೆಗೆ ಸ್ಟ್ರಟ್ ಮತ್ತೆ ವೇಲರ್ (ಗೋಡೆಗೆ ಆಸರೆ ಕೊಡೋ ಅಡ್ಡ ತೊಲೆ, ಗೋಡೆ ಉದ್ದಕ್ಕಿರೋ ತೊಲೆ) ಜೋಡಣೆಯ ವಿನ್ಯಾಸದಲ್ಲೂ ತಪ್ಪಿತ್ತು, ಮೊದ್ಲು ಸೋತಿದ್ದು ಆ ಜೋಡಣೆನೇ. ಬರೀ ಮಾಡೆಲ್ ಮೇಲೆ ಎಲ್ಲಾ ಹೊರಿಸೋದು ನ್ಯಾಯ ಅಲ್ಲ, ಮಾಡೆಲ್‌ನ ಪೂರ್ತಿ ಬಿಡೋದೂ ಅಲ್ಲ.

ಮೆಶ್‌ಮರಿ, ನಿಮ್ಮದು ಎ, ಬಿ, ಸಿ ಯಾವುದು? ಡ್ರಾಪ್‌ಡೌನ್‌ನಲ್ಲಿ ಇರುತ್ತೆ.

ಮೆಶ್‌ಮರಿ:
ಡ್ರೈನ್ಡ್ ಅಂತಾನೇ ಇತ್ತು, ಟೆಂಪ್ಲೇಟ್ ಫೈಲ್ ಹಂಗೇ ಬಂದಿತ್ತು.

ನೀರೊತ್ತಡ:
ಟಿಬಿಎಂ ದಿನಕ್ಕೆ ಹತ್ತಾರು ಮೀಟರ್ ಹೋಗುತ್ತೆ, ಜೇಡಿಯಿಂದ ನೀರು ಹೊರಬರೋಕೆ ತಿಂಗಳು ವರ್ಷ ಬೇಕು. ಕೊರೆಯೋ ಹಂತ ಅನ್‌ಡ್ರೈನ್ಡ್, ಆಮೇಲೆ ನೀರು ನಿಧಾನಕ್ಕೆ ಹೊರಹೋಗೋ ಒಂದು ಕನ್ಸಾಲಿಡೇಷನ್ ಸ್ಟೇಜ್. ಸುರಂಗ ಸ್ವಲ್ಪ ಸೋರಿದ್ರೂ ಅದೇ ಒಂದು ಚರಂಡಿ ಆಗುತ್ತೆ, ವರ್ಷಗಟ್ಟಲೆ ನಿಧಾನಕ್ಕೆ ಇಳೀತಾ ಇರುತ್ತೆ, ಆ ಗುಂಡಿ ಇನ್ನೂ ಅಗಲ.

ಲಾಗಿನ್_ಮರೆತವನು:
ವಿಷಯಾಂತರಕ್ಕೆ ಕ್ಷಮಿಸಿ, ಲೈಸೆನ್ಸ್ ಇಲ್ಲದೋರಿಗೆ ಕಲಿಯೋಕೆ ಫ್ರೀ ಏನಾದ್ರೂ ಇದ್ಯಾ? ಕ್ರ್ಯಾಕ್ ಬೇಡ.

ಬಂಡೆಪ್ಪ:
ಕೋಡ್ ಆಸ್ಟರ್ ಇದೆ, ಓಪನ್ ಸೋರ್ಸು, ಫ್ರಾನ್ಸ್‌ನ ಇಡಿಎಫ್‌ದು. ಕಲಿಯೋಷ್ಟರಲ್ಲಿ ಕೂದಲು ಬೆಳ್ಳಗಾಗುತ್ತೆ, ಅದು ಬೇರೆ ಮಾತು.

ಕೈಲೆಕ್ಕ:
ಸ್ಪ್ರೆಡ್‌ಶೀಟ್ ಎಲ್ಲರ ಹತ್ರಾನೂ ಇದೆ 😌

ಮೆಶ್‌ಮರಿ:
ಅಪ್‌ಡೇಟ್. ಎಲ್ರೂ ಹೇಳಿದ್ದು ಒಂದೊಂದಾಗಿ ಮಾಡ್ದೆ. ಮೋರ್-ಕೂಲಂಬ್ ಇಟ್ಕೊಂಡೇ 1% ಕಾಂಟ್ರಾಕ್ಷನ್ (ಅದೇ ವಾಲ್ಯೂಮ್ ಲಾಸ್) ಕೊಟ್ರೆ ನಡುವಲ್ಲಿ 4 ಮಿಲಿಮೀಟರ್ ಇಳೀತು, ಆದ್ರೆ ಗುಂಡಿ ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗ್ತಿಲ್ಲ, ತಟ್ಟೆ ಥರ ಇದೆ. ಹಾರ್ಡನಿಂಗ್ ಸಾಯ್ಲ್ ಸ್ಮಾಲ್, ಅನ್‌ಡ್ರೈನ್ಡ್, ಅದೇ 1%: ನಡುವಲ್ಲಿ 10.5, 25 ಮೀಟರ್ ಆಚೆ 1ಕ್ಕಿಂತ ಕಮ್ಮಿ. ತಳದ ಬೌಂಡರಿ 40 ಇಟ್ರೂ 60 ಇಟ್ರೂ ಹೆಚ್ಚುಕಮ್ಮಿ ಅದೇ. ಕೈಲೆಕ್ಕ ಸರ್ 12.5ಕ್ಕೆ ಹತ್ರ ಬಂತು. ಜಿ-ನಾಟ್ ಎಸ್‌ಪಿಟಿ ಕೋರಿಲೇಷನ್‌ನಿಂದ ತಗೊಂಡಿದ್ದು, ಅದನ್ನ ರಿಪೋರ್ಟ್‌ನಲ್ಲಿ ಬರೆದಿದೀನಿ.

ಈಗ ಇನ್ನೊಂದು. ಪಕ್ಕದಲ್ಲಿ 12 ಮೀಟರ್ ದೂರಕ್ಕೆ ಎರಡನೇ ಸುರಂಗ ಇದೆ. ಎರಡು ಗೌಸ್ ಕರ್ವ್ ಕೂಡಿಸಿದ್ರೆ ಆಯ್ತಾ?

ಕೈಲೆಕ್ಕ:
ಮೊದಲ ಅಂದಾಜಿಗೆ ಆಗುತ್ತೆ.

ಚಿಕ್ಕ_ಸ್ಟ್ರೇನ್:
12 ಮೀಟರ್ ಅಂದ್ರೆ ನಡುವೆ ಉಳಿಯೋದು ಒಂದೇ ವ್ಯಾಸದಷ್ಟು ಮಣ್ಣು, ಅಲ್ಲಿ ಬರೀ ಕೂಡಿಸೋದು ಕಮ್ಮಿ ತೋರಿಸ್ಬೋದು. ಮೊದಲ ಸುರಂಗ ಆ ಮಣ್ಣನ್ನ ಆಗ್ಲೇ ಶಿಯರ್ ಮಾಡಿ ಬಿಗಿ ಇಳಿಸಿಬಿಟ್ಟಿರುತ್ತೆ, ಎರಡನೇದರ ಗುಂಡಿ ಮೊದಲನೇದರ ಕಡೆಗೆ ವಾಲುತ್ತೆ, ವಾಲ್ಯೂಮ್ ಲಾಸೂ ಜಾಸ್ತಿ ಬರೋದುಂಟು. ಮಾಡೆಲ್‌ಗೆ ನಿಜವಾಗ್ಲೂ ಬೆಲೆ ಇರೋದು ಇಂಥ ಕಡೆ, ಕೈಲೆಕ್ಕ ಮುಟ್ಟದ ಕಡೆ. ಅದೇ ಮಾಡೆಲ್‌ನಲ್ಲಿ ಮುಂದಿನ ಸ್ಟೇಜ್ ಹಾಕಿ, ಸ್ಟ್ರೇನ್ ಇತಿಹಾಸ ರೀಸೆಟ್ ಮಾಡ್ಬೇಡಿ. ಮೊದಲ ಉಂಗುರದ ಮೊಮೆಂಟ್ ಎಷ್ಟು ಏರಿತು ಅಂತಾನೂ ನೋಡಿ.

ಸೈಟ್_ಹುಲಿ:
ಮಾನಿಟರಿಂಗ್ ಡೇಟಾ ಬಂದಮ್ಯಾಲೆ ಇ ಮೌಲ್ಯ ಎಳದಾಡಿ ಕರ್ವ್ ಹೊಂದಿಸಿ "ನಮ್ಮ ಮಾಡೆಲ್ ಕರೆಕ್ಟ್" ಅಂತ ಪೇಪರ್ ಬರೀತಾರ ನೋಡ್ರಿ, ಅವರಿಗೆ ಏನ ಅನ್ನೂಣು.

ನೀರೊತ್ತಡ:
ಲ್ಯಾಂಬ್ 1973ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಅದಕ್ಕೆ ಹೆಸರೇ ಇಟ್ಟಿದಾರೆ. ಕೆಲಸಕ್ಕೆ ಮೊದ್ಲು ಹೇಳಿದ್ರೆ ಕ್ಲಾಸ್ ಎ, ನಡುವೆ ಹೇಳಿದ್ರೆ ಬಿ, ಮುಗಿದ ಮೇಲೆ ಉತ್ತರ ಗೊತ್ತಿದ್ದು ಹೇಳಿದ್ರೆ ಸಿ1. ಪೇಪರ್‌ಗಳಲ್ಲಿ ಬರೋದು ಬಹಳಷ್ಟು ಸಿ1. ಆದ್ರೆ ಬ್ಯಾಕ್ ಅನಾಲಿಸಿಸ್ (ಅಳತೆ ನೋಡಿ ಮೌಲ್ಯ ಹುಡುಕೋದು) ಪೂರ್ತಿ ಮೋಸ ಅಲ್ಲ, ನಡುವಿನ ಒಂದು ಬಿಂದು ಹೊಂದಿಸೋದು ಮೋಸ. ಬಿಗಿ ಕಮ್ಮಿ ಮಾಡಿ ಲಾಸ್ ಕಮ್ಮಿ ಮಾಡಿದ್ರೂ ಅದೇ 10 ಮಿಲಿಮೀಟರ್ ಬರುತ್ತೆ, ಎರಡೂ ಜಾಸ್ತಿ ಮಾಡಿದ್ರೂ ಬರುತ್ತೆ. ಗುಂಡಿಯ ಅಗಲ, ಆಳದಲ್ಲಿ ಎಕ್ಸ್‌ಟೆನ್ಸೋಮೀಟರ್ (ಲಂಬ ಚಲನೆ ಅಳೆಯೋದು), ಪಕ್ಕದಲ್ಲಿ ಇನ್‌ಕ್ಲೈನೋಮೀಟರ್ (ಅಡ್ಡ ಚಲನೆ ಅಳೆಯೋದು) ಮೂರೂ ಒಟ್ಟಿಗೆ ಹೊಂದಿದ್ರೆ ಆಗ ಮಾತಾಡೋಣ.

ಮೆಶ್‌ಮರಿ:
ಮೊದಲ ಡ್ರೈವ್‌ಗೆ ಎರಡು ಇನ್‌ಕ್ಲೈನೋಮೀಟರ್ ಇದೆ, ಮಷೀನ್ ಇನ್ನೂ ಆ ಜಾಗಕ್ಕೆ ಬಂದಿಲ್ಲ. ಬಂದ ಮೇಲೆ ಇಲ್ಲೇ ಹಾಕ್ಲಾ?

ನೀರೊತ್ತಡ:
ಬರೋಕೆ ಮೊದ್ಲೇ ನಿಮ್ಮ ಕರ್ವ್ ಇಲ್ಲಿ ಹಾಕಿ, ತಾರೀಖು ಸಮೇತ. ಕೈಲೆಕ್ಕ, 3ಡಿ ಪ್ರೇಮಿ, ನೀವಿಬ್ರೂ ನಿಮ್ಮ ನಂಬರ್ ಹಾಕ್ಬೇಕು.

3ಡಿ_ಪ್ರೇಮಿ:
ಫೇಸ್ ಪ್ರೆಶರ್ ಪ್ಲಾನ್, ಗ್ರೌಟ್ ಪ್ಲಾನ್ ಕೊಡಿ, ಹಾಕ್ತೀನಿ.

ಕೈಲೆಕ್ಕ:
ನಂದು ಮೇಲೇ ಇದೆ, 12.5.

ಸೈಟ್_ಹುಲಿ:
ನಾನು 18 ಅಂತೀನಿ. ಯಾವ ಶಿಫ್ಟ್‌ನಾಗ ಅಲ್ಲಿ ದಾಟತೈತಿ ಅನ್ನೂದು ಮೊದಲ ಹೇಳ್ರಿ.